ಬೀಜ ಒಡೆಸಿದ ಹೋರಿ ಇನ್ನೂ ಹಸು ಹತ್ತುವುದು ಯಾಕೆ? ಗಂಡು ಪ್ರಾಣಿಯ ಮಿದುಳಿನ ಬಗ್ಗೆ ಚರ್ಚೆ

ಗದ್ದೆಬಯಲು:
ನಮ್ಮಲ್ಲಿ ಒಂದು ಹಳ್ಳಿಕಾರ್ ಹೋರಿ ಇದೆ. ಊರ ಹಸುಗಳಿಗೆ ಅದನ್ನೇ ಬಿಡುತ್ತಿದ್ದೆವು. ಈಗ ಉಳುಮೆಗೆ ಜೋಡಿ ಬೇಕಾಯಿತು ಅಂತ ಹೋದ ತಿಂಗಳು ಬೀಜ ಒಡೆಸಿದೆವು. ಇಕ್ಕಳದಲ್ಲಿ ಒತ್ತುವ ಪದ್ಧತಿ, ಕೊಯ್ದದ್ದಲ್ಲ. ಆದರೂ ಪಕ್ಕದ ಕೊಟ್ಟಿಗೆಯ ಹಸು ಬೆದೆಗೆ ಬಂದರೆ ಸಾಕು, ಗೂಟ ಕಿತ್ತುಕೊಂಡು ಹೋಗುತ್ತದೆ. ಗಂಜಲ ಮೂಸುತ್ತದೆ, ಮೂತಿ ಮೇಲೆತ್ತಿ ಮೇಲ್ದುಟಿ ಸುರುಳಿ ಮಾಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ಆಮೇಲೆ ಹತ್ತುತ್ತದೆ. ಅಪ್ಪ ಒತ್ತಿದ್ದು ಸರಿಯಾಗಿಲ್ಲ ಅಂತಾರೆ. ಪಕ್ಕದವರು ರೂಢಿ ಬಿದ್ದದ್ದು ಹೋಗಲ್ಲ ಅಂತಾರೆ. ಯಾವುದು ನಿಜ? ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ, ತಿಳಿದವರು ಹಾಗೇ ಬಿಡಿಸಿ ಹೇಳಿ.

ದನದ ಡಾಕ್ಟರು:
ಮೊದಲು ಕೈಯಿಂದ ಮುಟ್ಟಿ ನೋಡಬೇಕು. ಬರ್ಡಿಜೋ ಇಕ್ಕಳ ಚರ್ಮ ಕೊಯ್ಯುವುದಿಲ್ಲ. ಒಳಗೆ ಬೀಜಕ್ಕೆ ಹೋಗುವ ನಾಳ ಮತ್ತು ರಕ್ತನಾಳಗಳನ್ನು ಜಜ್ಜುತ್ತದೆ. ರಕ್ತ ಸಿಗದ ಬೀಜ ಕೆಲವು ವಾರಗಳಲ್ಲಿ ಸಣ್ಣಗಾಗಿ ಒಣಗುತ್ತದೆ. ಎರಡೂ ಕಡೆ ಸಣ್ಣಗಾಗಿದ್ದರೆ ಕೆಲಸ ಆಗಿದೆ ಅಂತ ಅರ್ಥ. ಒಂದು ಕಡೆ ಇನ್ನೂ ದಪ್ಪಗೆ, ಮೊದಲಿನ ಹಾಗೇ ಇದ್ದರೆ ನಾಳ ಇಕ್ಕಳದಿಂದ ಜಾರಿದೆ, ಮತ್ತೊಮ್ಮೆ ಮಾಡಿಸಬೇಕು.

ಇನ್ನೊಂದು ವಿಷಯ. ಬೀಜ ಒಡೆಸಿದ ಮೊದಲ ಕೆಲವು ವಾರ ನಾಳದಲ್ಲಿ ಉಳಿದ ವೀರ್ಯದಿಂದ ಹಸು ಗಬ್ಬ ಕಟ್ಟುವ ಸಾಧ್ಯತೆ ಇದೆ. ಆ ಸಮಯದಲ್ಲಿ ದೂರ ಕಟ್ಟಿ.

ಆದರೆ ನಿಮ್ಮ ಪಕ್ಕದವರ ಮಾತನ್ನು ತಳ್ಳಿಹಾಕಬೇಡಿ. ಎಳೆಯದರಲ್ಲೇ ಒಡೆಸಿದ ಕರು ಹಸು ಹತ್ತುವುದು ಕಡಿಮೆ. ಹಾರಿ ಅನುಭವ ಇರುವ ಹೋರಿ ಒಡೆಸಿದ ಮೇಲೂ ಬಹಳ ಕಾಲ ಹತ್ತುವುದನ್ನು ಕೆಲಸದಲ್ಲಿ ನೋಡುತ್ತಲೇ ಇರುತ್ತೇವೆ. ಯಾಕೆ ಅನ್ನುವುದನ್ನು ಮಿದುಳು ಓದಿದವರು ಹೇಳಲಿ.

ಒಳಮಿದುಳು:
ನಾನು ಓದುತ್ತಿರುವುದೇ ಇದನ್ನು, ಅದಕ್ಕೆ ಉದ್ದವಾಗಿ ಬರೆಯುತ್ತೇನೆ. ಇಷ್ಟು ಚೆಂದದ ಪ್ರಶ್ನೆ ಸುಮ್ನೆ ಎರಡು ಸಾಲಿನಲ್ಲಿ ಮುಗಿಯಬಾರದು.

ಬೀಜದಿಂದ ಏನೋ ಒಂದು ಹೊರಟು ಮೈಯೆಲ್ಲಾ ಓಡಾಡುತ್ತದೆ ಅಂತ ಮೊದಲು ತೋರಿಸಿದ್ದು 1849ರಲ್ಲಿ, ಜರ್ಮನಿಯ ಗಟ್ಟಿಂಗೆನ್‌ನಲ್ಲಿ. ಆರ್ನಾಲ್ಡ್ ಬರ್ಟ್‌ಹೋಲ್ಡ್ ಅನ್ನುವವರು ಆರು ಎಳೆಯ ಹುಂಜಗಳ ಬೀಜ ತೆಗೆದರು. ಹಾಗೇ ಬಿಟ್ಟವು ಕೂಗಲಿಲ್ಲ, ಜಗಳಕ್ಕೆ ಹೋಗಲಿಲ್ಲ, ಹೇಂಟೆಗಳ ಕಡೆ ತಿರುಗಲಿಲ್ಲ. ಕೆಲವಕ್ಕೆ ಬೀಜವನ್ನು ಹೊಟ್ಟೆಯೊಳಗೆ ಮತ್ತೆ ಇಟ್ಟರು. ಅವು ಮಾಮೂಲಿ ಹುಂಜಗಳಾಗಿಯೇ ಬೆಳೆದವು. ಆಮೇಲೆ ಕೊಯ್ದು ನೋಡಿದರೆ ಬೀಜ ಕರುಳಿಗೆ ಅಂಟಿಕೊಂಡಿತ್ತು, ಹೊಸ ರಕ್ತನಾಳ ಬೆಳೆದಿತ್ತು. ಹಳೆಯ ನರದ ನಂಟು ಯಾವುದೂ ಉಳಿದಿರಲಿಲ್ಲ. ಅಂದರೆ ಸಂದೇಶ ಹೋದದ್ದು ರಕ್ತದಲ್ಲಿ. ಅದಕ್ಕೆ ಟೆಸ್ಟೋಸ್ಟೆರಾನ್ ಅನ್ನುವ ಹೆಸರು ಬಂದದ್ದು ಎಷ್ಟೋ ದಶಕ ಆದ ಮೇಲೆ.

ಇಲ್ಲಿಗೆ ನಿಲ್ಲಿಸಿದರೆ ನಿಮ್ಮ ಅಪ್ಪನ ಮಾತೇ ಸರಿ ಅನ್ನಿಸುತ್ತದೆ. ಬೀಜ ಹೋಯಿತು, ಆಸೆಯೂ ಹೋಗಬೇಕು. ಆದರೆ 1958ರಲ್ಲಿ ಜೇ ರೋಸೆನ್‌ಬ್ಲಾಟ್ ಮತ್ತು ಲೆಸ್ಟರ್ ಆರನ್ಸನ್ ಗಂಡು ಬೆಕ್ಕುಗಳಲ್ಲಿ ಬೇರೆಯದೇ ಕಂಡರು. ಹೆಣ್ಣಿನ ಜೊತೆ ಕೂಡಿ ಅನುಭವ ಇದ್ದ ಬೆಕ್ಕುಗಳ ಬೀಜ ತೆಗೆದರೆ ಅವು ವಾರಗಟ್ಟಲೆ, ಕೆಲವು ತಿಂಗಳುಗಟ್ಟಲೆ ಹತ್ತುತ್ತಲೇ ಇದ್ದವು. ಅನುಭವ ಇಲ್ಲದವು ಹೆಚ್ಚು ಕಮ್ಮಿ ಏನೂ ಮಾಡಲಿಲ್ಲ. ಎರಡು ಗುಂಪಿನ ರಕ್ತದಲ್ಲೂ ಹಾರ್ಮೋನು ಇಲ್ಲ. ವ್ಯತ್ಯಾಸ ಇರುವುದು ಮಿದುಳಲ್ಲಿ. ಹೋರಿಯ ವಿಷಯದಲ್ಲಿ ನಿಮ್ಮ ಪಕ್ಕದವರು ಹೇಳಿದ್ದು ಇದೇ.

ಗದ್ದೆಬಯಲು:
ನಾಳೆ ಮುಟ್ಟಿ ನೋಡಿಸುತ್ತೇನೆ ಡಾಕ್ಟ್ರೇ. ಆದರೆ ಮಿದುಳಲ್ಲಿ ವ್ಯತ್ಯಾಸ ಅಂದ್ರೆ ಏನು? ನೆನಪಾ?

ಒಳಮಿದುಳು:
ನೆನಪು ಅಂದರೂ ತಪ್ಪಿಲ್ಲ, ಆದರೆ ಅದಕ್ಕೆ ಒಂದು ಜಾಗ ಇದೆ, ಒಂದು ರಸಾಯನ ಇದೆ.

ಮಿದುಳಿನ ತಳಭಾಗದಲ್ಲಿ ಹೈಪೋಥಲಾಮಸ್ ಅಂತ ಇದೆ. ಅದರ ಮುಂದಿನ ತುದಿಯಲ್ಲಿ, ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗಕ್ಕೆ ಸ್ವಲ್ಪ ಮೇಲೆ, ಮೀಡಿಯಲ್ ಪ್ರಿಯಾಪ್ಟಿಕ್ ಅನ್ನುವ ಚಿಕ್ಕ ಭಾಗ. ಇಲಿ, ಬೆಕ್ಕು, ನಾಯಿ, ಮೇಕೆ, ಕೋತಿ, ಹಕ್ಕಿ, ಯಾವ ಗಂಡಿನಲ್ಲೂ ಈ ಜಾಗಕ್ಕೆ ಪೆಟ್ಟು ಬಿದ್ದರೆ ಕೂಡುವುದು ನಿಲ್ಲುತ್ತದೆ ಅಥವಾ ತೀರಾ ಕಡಿಮೆಯಾಗುತ್ತದೆ. ಬೀಜ ಸರಿಯಿದ್ದರೂ, ಹಾರ್ಮೋನು ಸರಿಯಿದ್ದರೂ ಅಷ್ಟೇ.

ಇದರಲ್ಲಿ ನನಗೆ ಬಹಳ ಇಷ್ಟವಾದ ಪ್ರಯೋಗ ಕೇಂಬ್ರಿಡ್ಜ್‌ನ ಬ್ಯಾರಿ ಎವರಿಟ್ ಅವರದು. ಗಂಡು ಇಲಿಗೆ ಒಂದು ಪಾಠ ಕಲಿಸಿದರು: ಸನ್ನೆಕೋಲು ಒತ್ತುತ್ತಾ ಹೋದರೆ ಬೆದೆಗೆ ಬಂದ ಹೆಣ್ಣು ಇಲಿ ಸಿಗುತ್ತದೆ. ಆಮೇಲೆ ಅದರ ಪ್ರಿಯಾಪ್ಟಿಕ್ ಭಾಗವನ್ನು ಹಾಳು ಮಾಡಿದರು. ಇಲಿ ಸನ್ನೆಕೋಲು ಒತ್ತುವುದನ್ನು ಬಿಡಲಿಲ್ಲ. ಹೆಣ್ಣು ಬಂದ ಮೇಲೆ ಮಾತ್ರ ಏನು ಮಾಡಬೇಕೋ ಅದನ್ನು ಮಾಡಲಾಗಲಿಲ್ಲ. ಅಮಿಗ್ಡಲಾ ಅನ್ನುವ ಬೇರೆ ಭಾಗವನ್ನು ಹಾಳು ಮಾಡಿದಾಗ ಇದರ ಉಲ್ಟಾ ಆಯಿತು: ಹೆಣ್ಣಿಗಾಗಿ ಒತ್ತುವುದು ಕಡಿಮೆಯಾಯಿತು, ಹೆಣ್ಣನ್ನು ನೇರ ಎದುರಿಗೆ ಬಿಟ್ಟರೆ ಕೂಡಿತು. ಬೇಕು ಅನ್ನುವುದು ಒಂದು ಕಡೆ, ಮಾಡುವುದು ಇನ್ನೊಂದು ಕಡೆ. ನಾವು ಕಾಮ ಅಂತ ಒಂದೇ ಹೆಸರಲ್ಲಿ ಕರೆಯುವುದು ಮಿದುಳಲ್ಲಿ ಒಂದೇ ವಸ್ತು ಅಲ್ಲ.

ಈಗ ರಸಾಯನ. ಅಮೆರಿಕದ ಇಲೇನ್ ಹಲ್ ಅನ್ನುವ ವಿಜ್ಞಾನಿ ತಮ್ಮ ಜೀವಮಾನದ ಬಹುಪಾಲು ಇದೊಂದೇ ಜಾಗದ ಮೇಲೆ ಕೆಲಸ ಮಾಡಿದರು. ಓಡಾಡಿಕೊಂಡಿರುವ ಇಲಿಯ ಪ್ರಿಯಾಪ್ಟಿಕ್ ಭಾಗಕ್ಕೆ ಕೂದಲಿನಂಥ ಕೊಳವೆ ಇಳಿಸಿ, ಅಲ್ಲಿನ ದ್ರವವನ್ನು ತೊಟ್ಟು ತೊಟ್ಟಾಗಿ ತೆಗೆದು ಅಳೆದರು. ಮಧ್ಯೆ ತೂತಿನ ಪರದೆ ಇಟ್ಟು ಆ ಕಡೆ ಬೆದೆಯ ಹೆಣ್ಣನ್ನು ಬಿಟ್ಟರು. ಮುಟ್ಟಲು ಆಗದು, ವಾಸನೆ ಬರುತ್ತದೆ, ಸದ್ದು ಕೇಳುತ್ತದೆ. ಅಷ್ಟಕ್ಕೇ ಗಂಡಿನ ಪ್ರಿಯಾಪ್ಟಿಕ್ ಭಾಗದಲ್ಲಿ ಡೋಪಮಿನ್, ಅಂದರೆ ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಬಿಡುವ ಒಂದು ವಸ್ತು, ಏರಿತು. ಪರದೆ ತೆಗೆದ ಮೇಲೆ ಕೂಡಿತು.

ಬೀಜ ತೆಗೆದು ಎರಡು ವಾರ ಆದ ಇಲಿಗಳಲ್ಲಿ ಡೋಪಮಿನ್ ಏರಲಿಲ್ಲ, ಅವು ಕೂಡಲೂ ಇಲ್ಲ. ಒಂದೇ ವಾರ ಆದವುಗಳನ್ನು ನೋಡಿ, ಅಲ್ಲಿದೆ ಸ್ವಾರಸ್ಯ. ಅವುಗಳಲ್ಲಿ ಕೆಲವು ಕೂಡಿದವು, ಕೆಲವು ಕೂಡಲಿಲ್ಲ. ರಕ್ತದ ಟೆಸ್ಟೋಸ್ಟೆರಾನ್ ಒಂದೆರಡು ದಿನಕ್ಕೇ ತಳ ಮುಟ್ಟಿರುತ್ತದೆ, ಎಲ್ಲವಕ್ಕೂ ಒಂದೇ. ಆದರೆ ಕೂಡಿದ ಇಲಿಗಳಲ್ಲಿ ಡೋಪಮಿನ್ ಏರಿತ್ತು, ಕೂಡದವುಗಳಲ್ಲಿ ಏರಿರಲಿಲ್ಲ. ಇದು 1995ರ ಮಾತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೀಜ ಇಲ್ಲದ ಇಲಿಯ ಆ ಭಾಗದಲ್ಲಿ ಡೋಪಮಿನ್ ಖಾಲಿಯಾಗಿರುತ್ತದಾ ಅಂತ ನೋಡಿದರೆ, ಇಲ್ಲ. ನರಕೋಶದೊಳಗೆ ದಾಸ್ತಾನು ಮಾಮೂಲಿ ಗಂಡಿಗಿಂತ ಜಾಸ್ತಿಯೇ ಇತ್ತು. ಹೊರಗೆ ಬಿಡುವ ವ್ಯವಸ್ಥೆ ಮಾತ್ರ ಕೆಟ್ಟಿತ್ತು. ಟೆಸ್ಟೋಸ್ಟೆರಾನ್ ಇದ್ದರೆ ಅಲ್ಲಿನ ಕೋಶಗಳಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವ ಜಾಸ್ತಿ ಇರುತ್ತದೆ, ಆ ನೈಟ್ರಿಕ್ ಆಕ್ಸೈಡ್ ಡೋಪಮಿನ್ ಹೊರಬರಲು ನೆರವಾಗುತ್ತದೆ. ಹಾರ್ಮೋನು ನಿಂತರೆ ಕಿಣ್ವ ನಿಧಾನಕ್ಕೆ ಇಳಿಯುತ್ತದೆ. ನಿಧಾನಕ್ಕೆ ಅನ್ನುವ ಮಾತನ್ನು ಗಮನಿಸಿ. ಹೋರಿ ಹತ್ತುವುದನ್ನು ಒಂದೇ ದಿನಕ್ಕೆ ನಿಲ್ಲಿಸದೇ ಇರಲು ಇಂಥದ್ದೇ ಕಾರಣ ಇರಬೇಕು ಅಂತ ನನ್ನ ಅಭಿಪ್ರಾಯ. ಅನುಭವ ಇರುವ ಗಂಡಿನಲ್ಲಿ ಈ ದಾರಿ ಚೆನ್ನಾಗಿ ಸವೆದಿರುತ್ತದೆ, ಅದಕ್ಕೆ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ.

ಒಟ್ಟು ನಾನು ಹೇಳುವುದು ಇಷ್ಟು: ಟೆಸ್ಟೋಸ್ಟೆರಾನ್ ಗದ್ದೆ ಹದ ಮಾಡುತ್ತದೆ, ಬಿತ್ತುವವರು ಬೇರೆ.

ನೇರಮಾತು:
ಚೆನ್ನಾಗಿ ಬರೆದಿದ್ದೀರಿ. ಆದರೆ ಈಗ ಜಿಮ್‌ಗಳಲ್ಲಿ, ಮೊಬೈಲ್ ಜಾಹೀರಾತುಗಳಲ್ಲಿ ಟೆಸ್ಟೋಸ್ಟೆರಾನ್ ಏರಿಸುವ ಪುಡಿ, ಮಾತ್ರೆ ಅಂತ ಏನೆಲ್ಲಾ ಮಾರುತ್ತಾರೆ. ಜಾಸ್ತಿ ಹಾರ್ಮೋನು ಅಂದರೆ ಜಾಸ್ತಿ ಆಸೆ ಅಲ್ವಾ? ಲೆಕ್ಕ ಸರಿಯಾಗೇ ಇದೆಯಲ್ಲ.

ಒಳಮಿದುಳು:
ಈ ಲೆಕ್ಕ ಪ್ರಾಣಿಗಳಲ್ಲೇ ತಪ್ಪುತ್ತದೆ, ಅದೂ 1952ರಿಂದ ಗೊತ್ತಿರುವ ವಿಷಯ. ಗ್ರಂಟ್ ಮತ್ತು ಯಂಗ್ ಅನ್ನುವವರು ಗಂಡು ಗಿನಿ ಹಂದಿಗಳನ್ನು (ಹೆಸರಿಗೆ ಹಂದಿ, ಇಲಿಯ ಬಳಗದ ಸಣ್ಣ ಪ್ರಾಣಿ) ಮೂರು ಗುಂಪು ಮಾಡಿದರು: ಬಹಳ ಚುರುಕು, ಮಧ್ಯಮ, ಮಂದ. ಎಲ್ಲದರ ಬೀಜ ತೆಗೆದರು. ಎಲ್ಲವೂ ಒಂದೇ ಮಟ್ಟಕ್ಕೆ ಇಳಿದವು. ಆಮೇಲೆ ಎಲ್ಲಕ್ಕೂ ಒಂದೇ ಪ್ರಮಾಣದ ಟೆಸ್ಟೋಸ್ಟೆರಾನ್ ಚುಚ್ಚಿದರು. ಚುರುಕಿನವು ಮತ್ತೆ ಚುರುಕಾದವು, ಮಂದವು ಮತ್ತೆ ಮಂದವಾಗಿಯೇ ನಿಂತವು. ಪ್ರಮಾಣ ದುಪ್ಪಟ್ಟು ಮಾಡಿದರೂ ಮಂದ ಇದ್ದದ್ದು ಚುರುಕಾಗಲಿಲ್ಲ.

ಒಂದು ಕನಿಷ್ಠ ಮಟ್ಟ ಬೇಕು. ಅದಕ್ಕಿಂತ ಕೆಳಗೆ ಹೋದರೆ ತೊಂದರೆ, ಅದಕ್ಕೆ ವೈದ್ಯರ ಹತ್ತಿರ ರಕ್ತ ಪರೀಕ್ಷೆ, ಚಿಕಿತ್ಸೆ ಎರಡೂ ಇವೆ. ಆ ಮಟ್ಟದ ಮೇಲೆ ಇದ್ದವರಿಗೆ ಇನ್ನಷ್ಟು ಸುರಿಯುವುದರಿಂದ ಆಸೆ ಅದೇ ಲೆಕ್ಕದಲ್ಲಿ ಏರುವುದಿಲ್ಲ. ಹೊರಗಿನಿಂದ ಟೆಸ್ಟೋಸ್ಟೆರಾನ್ ಚುಚ್ಚಿಕೊಂಡರೆ ಮೈಯೇ ತಯಾರಿಸುವುದನ್ನು ಕಡಿಮೆ ಮಾಡುತ್ತದೆ, ಬೀಜ ಸಣ್ಣಗಾಗುತ್ತದೆ, ವೀರ್ಯಾಣು ಇಳಿಯುತ್ತದೆ. ಮಕ್ಕಳಾಗಬೇಕು ಅಂತಿರುವ ಹುಡುಗರು ಜಿಮ್‌ನವರ ಮಾತು ಕೇಳಿ ಚುಚ್ಚಿಸಿಕೊಳ್ಳುವುದು ನೋಡಿದರೆ ನನಗೆ ನಿಜವಾಗಲೂ ಸಂಕಟ ಆಗುತ್ತದೆ.

ಇನ್ನೊಂದು ಆಶ್ಚರ್ಯ ಇಲ್ಲೇ ಹೇಳಿಬಿಡುತ್ತೇನೆ. ಮಿದುಳಿಗೆ ಹೋದ ಟೆಸ್ಟೋಸ್ಟೆರಾನ್‌ನ ಒಂದು ಭಾಗವನ್ನು ಅರೋಮಟೇಸ್ ಅನ್ನುವ ಕಿಣ್ವ ಈಸ್ಟ್ರೊಜೆನ್ ಆಗಿ ಬದಲಾಯಿಸುತ್ತದೆ. ಹೌದು, ನಾವು ಹೆಣ್ಣಿನ ಹಾರ್ಮೋನು ಅನ್ನುವುದೇ. ಬೀಜ ತೆಗೆದ ಗಂಡು ಇಲಿಗೆ ಈಸ್ಟ್ರೊಜೆನ್ ಕೊಟ್ಟರೆ ಗಂಡಿನ ನಡವಳಿಕೆ ಬಹಳಷ್ಟು ವಾಪಸ್ ಬರುತ್ತದೆ. ಅರೋಮಟೇಸ್ ಈಸ್ಟ್ರೊಜೆನ್ ಮಾಡಲಾಗದ ಡೈಹೈಡ್ರೊಟೆಸ್ಟೋಸ್ಟೆರಾನ್ ಒಂದನ್ನೇ ಕೊಟ್ಟರೆ ಇಲಿಯಲ್ಲಿ ಅಷ್ಟು ಕೆಲಸ ಆಗುವುದಿಲ್ಲ. ಬೆಲ್ಜಿಯಂನ ಜಾಕ್ ಬಾಲ್ತಝಾರ್ ಅವರು ಗೌಜಲಿನ ಜಾತಿಯ ಜಪಾನಿ ಕ್ವೇಲ್ ಹಕ್ಕಿಗಳಲ್ಲಿ ದಶಕಗಟ್ಟಲೆ ಇದನ್ನೇ ಅಧ್ಯಯನ ಮಾಡಿದ್ದಾರೆ, ಅಲ್ಲೂ ಕೂಡಬೇಕಾದರೆ ಈ ಕಿಣ್ವ ಬೇಕು. ಗಂಡಸುತನದ ಬಗ್ಗೆ ಎದೆ ತಟ್ಟಿ ಮಾತಾಡುವವರು ಇದನ್ನು ಒಮ್ಮೆ ಓದಬೇಕು.

ಕುರಿಹಟ್ಟಿ:
ನಾನು ಕುರಿ ಸಾಕುವವನು. ಒಂದು ಮಾತು ಕೇಳಲಾ? ಕೆಲವು ಟಗರು ಹೆಣ್ಣು ಕುರಿ ಬೆದೆಗೆ ಬಂದರೂ ತಿರುಗಿ ನೋಡಲ್ಲ. ಬೇರೆ ಟಗರುಗಳ ಹಿಂದೆಯೇ ಹೋಗುತ್ತದೆ. ಮೈ ಕಟ್ಟು ಚೆನ್ನಾಗಿರುತ್ತದೆ, ಕೊಂಬು ಚೆನ್ನಾಗಿರುತ್ತದೆ, ದುಡ್ಡು ಕೊಟ್ಟು ತಂದವನಿಗೆ ಮರಿ ಮಾತ್ರ ಆಗಲ್ಲ. ಹಟ್ಟಿಯಲ್ಲಿ ಇದಕ್ಕೆ ಕಣ್ಣು ಬಿತ್ತು ಅಂತಾರೆ, ಬೇವಿನ ಸೊಪ್ಪು ಕಟ್ಟುತ್ತಾರೆ. ಇದೂ ಮಿದುಳಿನದಾ?

ಒಳಮಿದುಳು:
ಇದನ್ನು ಸರಿಯಾಗಿ ಅಳೆದು ನೋಡಿದವರಿದ್ದಾರೆ. ಅಮೆರಿಕದ ಐಡಹೋ ರಾಜ್ಯದಲ್ಲಿ ಡುಬಾಯ್ಸ್ ಅನ್ನುವ ಕಡೆ ಸರ್ಕಾರಿ ಕುರಿ ಸಂಶೋಧನಾ ಕೇಂದ್ರ ಇದೆ. ಅಲ್ಲಿ ಟಗರಿಗೆ ಎರಡು ಬೆದೆಯ ಹೆಣ್ಣು, ಎರಡು ಟಗರು ಒಟ್ಟಿಗೆ ಇಟ್ಟು ಆಯ್ಕೆ ಕೊಡುತ್ತಿದ್ದರು. ಸುಮಾರು 100ಕ್ಕೆ 8 ಟಗರುಗಳು ಪದೇ ಪದೇ ಟಗರನ್ನೇ ಆರಿಸಿಕೊಂಡವು. ನಿಮ್ಮದು ಒಂದು ಕೆಟ್ಟ ಟಗರು ಅಂತಲ್ಲ, ಯಾವ ಮಂದೆಯಲ್ಲೂ ಇರುವಂಥದ್ದು.

ಆರೆಗಾನ್‌ನ ಚಾರ್ಲ್ಸ್ ರೊಸೆಲ್ಲಿ 2004ರಲ್ಲಿ ಈ ಟಗರುಗಳ ಮಿದುಳು ನೋಡಿದರು. ನಾನು ಮೇಲೆ ಹೇಳಿದ ಅದೇ ಪ್ರಿಯಾಪ್ಟಿಕ್ ಜಾಗದಲ್ಲಿ ಒಂದು ಕೋಶಗಳ ಗುಂಪು ಇದೆ. ಹೆಣ್ಣನ್ನು ಬಯಸುವ ಟಗರಿನಲ್ಲಿ ಅದು ದೊಡ್ಡದು. ಟಗರನ್ನು ಬಯಸುವ ಟಗರಿನಲ್ಲಿ ಅದು ಹೆಚ್ಚು ಕಮ್ಮಿ ಅರ್ಧ, ಹೆಣ್ಣು ಕುರಿಯಷ್ಟೇ. ಅರೋಮಟೇಸ್ ಕೂಡ ಅಲ್ಲಿ ಕಡಿಮೆ. ಈ ಗುಂಪು ರೂಪುಗೊಳ್ಳುವುದು ಮರಿ ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗ. ಕಣ್ಣು ಬಿದ್ದದ್ದೂ ಅಲ್ಲ, ಸಾಕಿದ್ದು ತಪ್ಪಾಗಿಯೂ ಅಲ್ಲ. ಬಿತ್ತನೆಗೆ ತರುವಾಗ ಬೆದೆಯ ಕುರಿಗಳ ನಡುವೆ ಬಿಟ್ಟು ನೋಡಿಯೇ ದುಡ್ಡು ಕೊಡಿ.

ನೇರಮಾತು:
ಇಲ್ಲಿಗೆ ಬಂದಿದ್ದು ಒಳ್ಳೆಯದಾಯಿತು. ಸೆರೊಟೊನಿನ್ ಅನ್ನುವ ಮಿದುಳಿನ ರಸಾಯನ ಕಡಿಮೆ ಮಾಡಿದರೆ ಗಂಡು ಇಲಿಗಳು ಗಂಡನ್ನೇ ಬಯಸುತ್ತವೆ ಅಂತ ಚೀನಾದವರು ಕಂಡುಹಿಡಿದರು ಅಂತ ಒಂದು ವಿಡಿಯೋ ನೋಡಿದೆ. ಕೊನೆಗೆ ಆತ, ಹಾಗಾಗಿ ಮನುಷ್ಯರಲ್ಲೂ ಇದನ್ನು ಮಾತ್ರೆಯಿಂದ ಸರಿ ಮಾಡಬಹುದು ಅಂದ. ನನ್ನ ಚಿಕ್ಕಮ್ಮನ ಮಗ ಸಲಿಂಗಿ. ಅವರ ಮನೆಯ ಗುಂಪಿನಲ್ಲಿ ಈ ವಿಡಿಯೋ ಓಡಾಡುತ್ತಿದೆ. ಇದು ನಿಜವಾ?

ಒಳಮಿದುಳು:
ಮೊದಲು ನಿಮ್ಮ ತಮ್ಮನಿಗೆ ಆ ಗುಂಪಿನಿಂದ ಆಗುತ್ತಿರುವ ನೋವಿಗೆ ಬೇಸರ ಇದೆ. ಈಗ ವಿಷಯ, ಪೂರ್ತಿಯಾಗಿ ಹೇಳುತ್ತೇನೆ, ಬೇಕಾದರೆ ಹಾಗೇ ಅಲ್ಲಿ ಹಾಕಿ.

2011ರಲ್ಲಿ ಬೀಜಿಂಗ್‌ನ ರಾವ್ ಯಿ ಅವರ ತಂಡ ಮಿದುಳಲ್ಲಿ ಸೆರೊಟೊನಿನ್ ತಯಾರಿಸಲಾಗದ ಗಂಡು ಚಿಟ್ಟಿಲಿಗಳನ್ನು ತಯಾರು ಮಾಡಿತು. ಅವು ಗಂಡು ಹೆಣ್ಣು ಎರಡನ್ನೂ ಹತ್ತಿದವು, ಹೆಣ್ಣಿನ ವಾಸನೆಗೆ ಹೆಚ್ಚಿನ ಒಲವು ತೋರಲಿಲ್ಲ. ಸೆರೊಟೊನಿನ್ ಆಗಿ ಬದಲಾಗುವ ವಸ್ತುವನ್ನು ಚುಚ್ಚಿದಾಗ ಹೆಣ್ಣಿನ ಕಡೆ ಒಲವು ವಾಪಸ್ ಬಂತು. ಗಮನಿಸಿ, ಗಂಡನ್ನೇ ಬಯಸಿದವು ಅಂತ ಅಲ್ಲಿ ಇಲ್ಲ. ಎರಡನ್ನೂ ಹತ್ತಿದವು ಅಂತ ಇದೆ.

2015ರಲ್ಲಿ ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದವರು ಅಂಥದ್ದೇ ಚಿಟ್ಟಿಲಿಗಳಲ್ಲಿ ಮತ್ತೆ ನೋಡಿದರು. ಆಯ್ಕೆ ಕೊಟ್ಟಾಗ ಅವು ಹೆಣ್ಣನ್ನೇ ಆರಿಸಿದವು. ಸೆರೊಟೊನಿನ್ ಇಲ್ಲದ ಇಲಿ ದುಡುಕುತ್ತದೆ, ಜಗಳ ಆಡುತ್ತದೆ, ಎದುರಿಗೆ ಸಿಕ್ಕಿದ್ದನ್ನು ಹತ್ತುತ್ತದೆ. ಸೆರೊಟೊನಿನ್‌ನ ಮುಖ್ಯ ಕೆಲಸವೇ ತಡೆಯುವುದು, ತಾಳಿಸುವುದು. ತಡೆ ಹೋದರೆ ಹತ್ತುವುದು ಜಾಸ್ತಿಯಾಗುತ್ತದೆ, ಅದಕ್ಕೂ ಒಲವಿಗೂ ನೇರ ಸಂಬಂಧ ಕಟ್ಟಲಾಗದು.

ಚಿಟ್ಟಿಲಿಗೆ ಎದುರಿಗೆ ಇರುವುದು ಗಂಡೋ ಹೆಣ್ಣೋ ಅಂತ ತಿಳಿಯುವುದೇ ವಾಸನೆಯಿಂದ. ಮೂಗಿನ ತಳದಲ್ಲಿ ವೊಮೆರೊನೇಸಲ್ ಅನ್ನುವ ಅಂಗ ಇದೆ. ಗದ್ದೆಬಯಲು ಅವರ ಹೋರಿ ತುಟಿ ಸುರುಳಿ ಮಾಡಿ ನಿಲ್ಲುವುದು ವಾಸನೆಯನ್ನು ಅಲ್ಲಿಗೆ ತಲುಪಿಸಲಿಕ್ಕೇ. 2002ರಲ್ಲಿ ಆ ಅಂಗ ಕೆಲಸ ಮಾಡದ ಹಾಗೆ ಒಂದು ಜೀನ್ ತೆಗೆದ ಗಂಡು ಚಿಟ್ಟಿಲಿಗಳೂ ಎರಡನ್ನೂ ಹತ್ತಿದವು, ಬೇರೆ ಗಂಡಿನ ಜೊತೆ ಜಗಳವನ್ನೇ ಆಡಲಿಲ್ಲ. ಮನುಷ್ಯರಲ್ಲಿ ಆ ಅಂಗ ಕೆಲಸ ಮಾಡುವ ಸ್ಥಿತಿಯಲ್ಲೇ ಇಲ್ಲ, ಅದಕ್ಕೆ ಬೇಕಾದ ಆ ಜೀನ್ ನಮ್ಮ ಪೂರ್ವಜರಲ್ಲೇ ಹಾಳಾಗಿ ಕೋಟ್ಯಂತರ ವರ್ಷ ಆಯಿತು.

ಇನ್ನು ಮಾತ್ರೆ. ಖಿನ್ನತೆಗೆ ಕೊಡುವ ಎಷ್ಟೋ ಮಾತ್ರೆಗಳು ಸೆರೊಟೊನಿನ್ ಏರಿಸುವಂಥವೇ. ಜಗತ್ತಿನಲ್ಲಿ ಕೋಟಿಗಟ್ಟಲೆ ಜನ ತೆಗೆದುಕೊಂಡಿದ್ದಾರೆ. ಅದರಿಂದ ಒಲವು ಬದಲಾಗುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ಸಲಿಂಗಿಯಾಗಿರುವುದು ರೋಗ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಅದನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ಚಿಟ್ಟಿಲಿಯ ಪ್ರಯೋಗ ಹಿಡಿದುಕೊಂಡು ಮನೆಯ ಹುಡುಗನಿಗೆ ಮಾತ್ರೆ ನುಂಗಿಸುವುದು ಕ್ರೌರ್ಯ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ನೇರಮಾತು:
ಹಾಗೇ ಹಾಕಿದೆ. ಚಿಕ್ಕಮ್ಮ ಓದಿದ್ದಾರೆ. ಥ್ಯಾಂಕ್ಸ್.

ಕಾಡಂಚು:
ನಮ್ಮ ಕಡೆ ಆನೆ ಶಿಬಿರ ಇದೆ, ನಮ್ಮ ಮನೆಯವರು ಮಾವುತ ಕಾವಾಡಿ ಕೆಲಸದವರೇ. ಆನೆಗೆ ಮಸ್ತಿ ಬಂದಾಗ ಕಣ್ಣಿಗೂ ಕಿವಿಗೂ ನಡುವೆ ಮದ ಸೋರುತ್ತದೆ, ಉಚ್ಚೆ ತೊಟ್ಟಿಕ್ಕುತ್ತಲೇ ಇರುತ್ತದೆ, ಹಿಂಗಾಲೆಲ್ಲಾ ಒದ್ದೆ. ವರ್ಷಗಟ್ಟಲೆ ಸಾಕಿದ ಮಾವುತನನ್ನೇ ಹತ್ತಿರ ಬಿಡುವುದಿಲ್ಲ. ಆ ಸಮಯದಲ್ಲಿ ದಸರಾಕ್ಕೂ ಕಳಿಸುವುದಿಲ್ಲ. ಇಲ್ಲಿ ಹಾರ್ಮೋನೇ ಎಲ್ಲಾ ಅಲ್ವಾ? ನಿಮ್ಮ ಗಿನಿ ಹಂದಿ ಲೆಕ್ಕ ಆನೆಗೆ ಹೊಂದುವುದಿಲ್ಲ.

ಒಳಮಿದುಳು:
ಹಾರ್ಮೋನು ಏರುವುದು ನಿಜ, ಅದೂ ಸಣ್ಣ ಪ್ರಮಾಣದಲ್ಲಲ್ಲ. 1972ರಲ್ಲಿ ಶ್ರೀಲಂಕಾದ ಆನೆಗಳ ರಕ್ತ ಅಳೆದಾಗ ಮದ ಇಲ್ಲದಾಗ ಇರುವುದಕ್ಕಿಂತ ಪೂರ್ತಿ ಮದದಲ್ಲಿ ಟೆಸ್ಟೋಸ್ಟೆರಾನ್ ಹತ್ತಾರು ಪಟ್ಟು ಜಾಸ್ತಿ ಇತ್ತು. ಆದರೆ ಎರಡು ವಿಷಯ ನೋಡಿ. ಮದ ಇಲ್ಲದ ಗಂಡಾನೆಯೂ ಕೂಡುತ್ತದೆ, ಮರಿ ಹುಟ್ಟಿಸುತ್ತದೆ. ಕಬಿನಿ ಮತ್ತು ನಾಗರಹೊಳೆ ಕಡೆಯ ಗಂಡಾನೆಗಳನ್ನು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ಸಂಶೋಧನಾ ಕೇಂದ್ರದವರು ಒಂದೊಂದಾಗಿ ಗುರುತು ಹಿಡಿದು ಅಧ್ಯಯನ ಮಾಡಿದ್ದಾರೆ. ವಯಸ್ಸಾದ ಗಂಡಿಗೆ ಮದ ಅಂದರೆ ಹೆಣ್ಣಾನೆಗಳ ಗುಂಪಿನಿಂದ ಗುಂಪಿಗೆ ಹುಡುಕಿಕೊಂಡು ತಿರುಗುವ ಕಾಲ.

ಎರಡನೆಯದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ದಕ್ಷಿಣ ಆಫ್ರಿಕಾದ ಕ್ರೂಗರ್ ಕಾಡಿನಲ್ಲಿ ಆನೆ ಜಾಸ್ತಿಯಾಯಿತು ಅಂತ ದೊಡ್ಡವನ್ನು ಕೊಂದು, ತಬ್ಬಲಿ ಮರಿಗಳನ್ನು ಪಿಲಾನ್ಸ್‌ಬರ್ಗ್ ಅನ್ನುವ ಕಾಡಿಗೆ ಸಾಗಿಸಿದರು. ಅಲ್ಲಿ ಹಿರಿಯ ಗಂಡಾನೆ ಒಂದೂ ಇರಲಿಲ್ಲ. ಆ ಮರಿಗಳು ಬೆಳೆದವು. ಗಂಡಿಗೆ ಸಾಮಾನ್ಯವಾಗಿ ಇಪ್ಪತ್ತೈದು ದಾಟಿದ ಮೇಲೆ ಬರುವ ಮದ ಅವಕ್ಕೆ ಸುಮಾರು 18ಕ್ಕೇ ಬಂತು, ಬಂದದ್ದು ಹೋಗದೆ ಬಹಳ ಕಾಲ ನಿಂತಿತು. 1992ರಿಂದ 1997ರ ನಡುವೆ ಅವು 40ಕ್ಕೂ ಹೆಚ್ಚು ಬಿಳಿ ಘೇಂಡಾಮೃಗಗಳನ್ನು ಕೊಂದವು. 1998ರಲ್ಲಿ ಕ್ರೂಗರ್‌ನಿಂದ ಆರು ಹಿರಿಯ ಗಂಡಾನೆಗಳನ್ನು ತಂದು ಬಿಟ್ಟರು. ಹುಡುಗರ ಮದ ಇಳಿಯಿತು. ಕೊಲ್ಲುವುದು ನಿಂತಿತು. ಯಾರೂ ಔಷಧಿ ಚುಚ್ಚಲಿಲ್ಲ. ದೊಡ್ಡ ಗಂಡು ಎದುರಿಗೆ ನಿಂತದ್ದು ಸಣ್ಣ ಗಂಡಿನ ಮಿದುಳಿಗೆ ತಿಳಿಯಿತು, ಮಿದುಳಿನಿಂದ ಬೀಜಕ್ಕೆ ಸಂದೇಶ ಹೋಯಿತು. ಬೀಜ ಮಿದುಳನ್ನು ಆಳುತ್ತದೆ ಅಂತ ನಾವು ಹೇಳುತ್ತಾ ಬಂದಿದ್ದೇವೆ. ಇಲ್ಲಿ ಅದರ ಉಲ್ಟಾ ನಡೆಯಿತು.

ಕಾಡಂಚು:
ಇದು ನಿಜ. ದೊಡ್ಡ ಆನೆ ಹತ್ತಿರ ಕಟ್ಟಿದರೆ ಚಿಕ್ಕದರ ಮಸ್ತಿ ತಣ್ಣಗಾಗುತ್ತದೆ ಅಂತ ನಮ್ಮಜ್ಜ ಹೇಳುತ್ತಿದ್ದರು. ಹೆಣ್ಣಾನೆ ಉಚ್ಚೆ ಹೊಯ್ದ ಜಾಗದಲ್ಲಿ ಸೊಂಡಿಲ ತುದಿ ಇಟ್ಟು ಬಾಯೊಳಗೆ ಇಟ್ಟುಕೊಳ್ಳುತ್ತದೆ, ಅದೂ ನೀವು ಹೇಳಿದ ಅಂಗಕ್ಕೇನಾ?

ಒಳಮಿದುಳು:
ಅದಕ್ಕೇ. ಅಂಗುಳಿನಲ್ಲಿ ಅದರ ಬಾಯಿ ಇದೆ. ಉಚ್ಚೆಯಲ್ಲಿರುವ ಆ ವಸ್ತು ಯಾವುದು ಅಂತ 1996ರಲ್ಲಿ ಬೆಟ್ಸ್ ರಾಸ್ಮುಸೆನ್ ಮತ್ತು ಸಂಗಡಿಗರು ಕಂಡುಹಿಡಿದರು. ಹಲವಾರು ಜಾತಿಯ ಪತಂಗಗಳ ಹೆಣ್ಣುಗಳು ಗಂಡನ್ನು ಕರೆಯಲು ಬಿಡುವುದೂ ಅದೇ ವಸ್ತು. ಆನೆಗೂ ಪತಂಗಕ್ಕೂ ಒಂದೇ ರಸಾಯನ! ಇದನ್ನು ಎಷ್ಟು ಸಲ ಓದಿದರೂ ಖುಷಿಯಾಗುತ್ತದೆ.

ದನದ ಡಾಕ್ಟರು:
ಒಂದು ಸಲ ಹಾರಿದ ಮೇಲೆ ಗಂಡು ಸ್ವಲ್ಪ ಹೊತ್ತು ಸುಮ್ಮನಿರುತ್ತದಲ್ಲ, ಅದನ್ನೂ ಹೇಳಿ. ವೀರ್ಯ ಸಂಗ್ರಹ ಮಾಡುವ ಕಡೆ ಒಂದೇ ಆಕಳನ್ನು ತೋರಿಸಿ ತೋರಿಸಿ ಹೋರಿ ಬೇಸರ ಮಾಡಿಕೊಂಡರೆ ಬೇರೆಯದನ್ನು ತರುತ್ತಾರೆ, ತಕ್ಷಣ ಎದ್ದು ನಿಲ್ಲುತ್ತದೆ.

ಒಳಮಿದುಳು:
ಇಲಿಯಲ್ಲೂ ಅದೇ. 1997ರಲ್ಲಿ ವ್ಯಾಂಕೂವರ್‌ನಲ್ಲಿ ಅಳೆದರು. ಒಂದು ಹೆಣ್ಣಿನ ಜೊತೆ ಸಾಕು ಅನ್ನುವವರೆಗೆ ಕೂಡಿದ ಗಂಡಿನಲ್ಲಿ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಅನ್ನುವ ಭಾಗದ ಡೋಪಮಿನ್ ಮಾಮೂಲಿಗೆ ಇಳಿದಿತ್ತು. ಹೊಸ ಹೆಣ್ಣು ಪರದೆ ಆಚೆ ಬಂದ ಕೂಡಲೇ ಮತ್ತೆ ಏರಿತು. ವೀರ್ಯ ಬಿಟ್ಟ ಮೇಲೆ ಹೈಪೋಥಲಾಮಸ್‌ನದೇ ಹೊರಬದಿಯ ಭಾಗದಲ್ಲಿ ಸೆರೊಟೊನಿನ್ ಏರುತ್ತದೆ, ಅದು ಅಕ್ಯುಂಬೆನ್ಸ್‌ನ ಡೋಪಮಿನನ್ನು ಇಳಿಸುತ್ತದೆ ಅಂತ ಹಲ್ ಅವರ ತಂಡ 1999ರಲ್ಲಿ ತೋರಿಸಿತು.

ಈ ವಿರಾಮಕ್ಕೆ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು ಕಾರಣ ಅಂತ ಪಠ್ಯಪುಸ್ತಕಗಳಲ್ಲಿ ಬಹಳ ಕಾಲ ಬರೆದಿದ್ದರು. ಲಿಸ್ಬನ್‌ನವರು 2021ರಲ್ಲಿ ಗಂಡು ಚಿಟ್ಟಿಲಿಗಳಲ್ಲಿ ಅದನ್ನು ತಡೆದೂ ನೋಡಿದರು, ಏರಿಸಿಯೂ ನೋಡಿದರು. ವಿರಾಮದ ಹೊತ್ತು ಅವರು ನಿರೀಕ್ಷಿಸಿದ ಹಾಗೆ ಬದಲಾಗಲಿಲ್ಲ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ನಿರಾವ್ ಶಾ ಅವರ ತಂಡ ಪ್ರಿಯಾಪ್ಟಿಕ್ ಭಾಗದಲ್ಲೇ ಒಂದು ಸಣ್ಣ ಕೋಶಗಳ ಗುಂಪನ್ನು ಹಿಡಿಯಿತು. ಅದಕ್ಕೆ ಸಂದೇಶ ತರುವುದು ಸಬ್‌ಸ್ಟೆನ್ಸ್ ಪಿ ಅನ್ನುವ ವಸ್ತು. ಆ ಕೋಶಗಳನ್ನು ಕೆರಳಿಸಿದರೆ, ದಿನಗಟ್ಟಲೆ ಸುಮ್ಮನಿರಬೇಕಾದ ಚಿಟ್ಟಿಲಿ ಸೆಕೆಂಡಿನಲ್ಲೇ ಮತ್ತೆ ಹತ್ತಲು ಶುರುಮಾಡಿತು.

ಹೆಸರು ಬೇಡ:
ಇದೆಲ್ಲಾ ಓದಿದ ಮೇಲೆ ಧೈರ್ಯ ಬಂತು. ನಾನ್ಯಾರು ಅಂತ ಬೇಡ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮನಸ್ಸು ಸುಧಾರಿಸಿದೆ. ಆದರೆ ಹೆಂಡತಿಯ ಜೊತೆ ಆಸೆಯೇ ಬರುವುದಿಲ್ಲ, ಬಂದರೂ ಮುಗಿಯುವುದಿಲ್ಲ. ಅವಳು ತನ್ನ ಮೇಲೆ ಪ್ರೀತಿ ಹೋಯಿತು ಅಂದುಕೊಂಡಿದ್ದಾಳೆ. ಮಾತ್ರೆ ಬಿಟ್ಟುಬಿಡಬೇಕು ಅಂತಿದ್ದೇನೆ.

ಒಳಮಿದುಳು:
ದಯವಿಟ್ಟು ತಾನೇ ತಾನಾಗಿ ಬಿಡಬೇಡಿ. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೆಡುವುದು, ಆತಂಕ ಬರಬಹುದು, ಖಿನ್ನತೆ ವಾಪಸ್ ಬರಬಹುದು.

ನಿಮಗಾಗಿರುವುದು ಬಹಳ ಜನರಿಗೆ ಆಗುವಂಥದ್ದು. ಸೆರೊಟೊನಿನ್ ಏರಿದರೆ ವೀರ್ಯ ಬಿಡುವುದು ತಡವಾಗುತ್ತದೆ, ಆಸೆಯೂ ಕುಗ್ಗಬಹುದು. ಬೇಗ ಆಗಿಬಿಡುತ್ತದೆ ಅನ್ನುವವರಿಗೆ ಇದೇ ಗುಣವನ್ನು ಬಳಸಿಕೊಂಡು ಡಪಾಕ್ಸೆಟಿನ್ ಕೊಡುತ್ತಾರೆ. ಇನ್ನೊಂದು ಕೊನೆಯಲ್ಲಿ, ಪಾರ್ಕಿನ್ಸನ್ ರೋಗಕ್ಕೆ ಡೋಪಮಿನ್ ಕೆಲಸ ಮಾಡುವ ಪ್ರಾಮಿಪೆಕ್ಸೋಲ್ ತರಹದ ಮಾತ್ರೆ ತಗೊಂಡ ಕೆಲವರಿಗೆ ಆಸೆ ಕೈಮೀರಿ ಏರುವುದೂ ಉಂಟು. ನಿಮ್ಮ ಪ್ರೀತಿ ಎಲ್ಲೂ ಹೋಗಿಲ್ಲ. ಇದನ್ನು ಹೆಂಡತಿಗೆ ಓದಿಸಿ.

ವೈದ್ಯರಿಗೆ ದಾರಿಗಳಿವೆ. ಪ್ರಮಾಣ ಇಳಿಸಬಹುದು, ಮಾತ್ರೆ ಬದಲಿಸಬಹುದು. ಬುಪ್ರೊಪಿಯಾನ್ ಅನ್ನುವುದು ಡೋಪಮಿನ್ ಕಡೆ ಕೆಲಸ ಮಾಡುತ್ತದೆ, ಅದರಲ್ಲಿ ಈ ತೊಂದರೆ ಕಡಿಮೆ. ನಿಮಗೆ ಹೊಂದುತ್ತದಾ ಇಲ್ಲವಾ ಅನ್ನುವುದನ್ನು ಅವರು ಹೇಳಬೇಕು, ಫಿಟ್ಸ್ ಇರುವವರಿಗೆ ಅದನ್ನು ಕೊಡುವುದಿಲ್ಲ.

ಹೆಸರು ಬೇಡ:
ಡಾಕ್ಟರ ಎದುರು ಇದನ್ನು ಹೇಳಲು ಬಾಯಿ ಬರುವುದಿಲ್ಲ. ಹೊರಗೆ ಸಾಲಿನಲ್ಲಿ ಜನ ಇರುತ್ತಾರೆ, ಬಾಗಿಲು ಅರ್ಧ ತೆರೆದೇ ಇರುತ್ತದೆ.

ದನದ ಡಾಕ್ಟರು:
ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೈಗೆ ಕೊಡಿ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವಾಗಿನಿಂದ ಶುರು ಮಾಡಿದಿರಿ, ತೊಂದರೆ ಯಾವಾಗ ಕಾಣಿಸಿತು, ಮೊದಲು ಹೇಗಿತ್ತು. ಐದು ಸಾಲು ಸಾಕು. ಬಾಗಿಲು ಹಾಕಿ ಅಂತ ಕೇಳುವ ಹಕ್ಕು ನಿಮಗೆ ಇದೆ.

ಹೆಸರು ಬೇಡ:
ಸರಿ. ಸೋಮವಾರ ಹೋಗುತ್ತೇನೆ, ಅವಳನ್ನೂ ಕರೆದುಕೊಂಡು.